ತುಮಕೂರು ರೋಡ್ ಅಗಲ ಆಗ್ತಿದೆ: ಮನೆಗೆ ಬರುವ ಸದ್ದನ್ನು ಲೆಕ್ಕ ಹಾಕುವುದು ಹೇಗೆ?

ಕಲ್ಪತರು ಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದಾಬಸ್‌ಪೇಟೆ ಮತ್ತು ಹಿರೇಹಳ್ಳಿ ನಡುವೆ, ಹೆದ್ದಾರಿಗೆ ಅಂಟಿಕೊಂಡ ಒಂದು ಊರಿನಲ್ಲಿದೆ. ಊರಿನ ಹೆಸರು ಬೇಡ ಬಿಡಿ. ಕಾಗದದ ಮೇಲೆ ಈಗ ಇದು ಎನ್‌ಎಚ್ 48. ನಮ್ಮ ಕಡೆಯವರಿಗೆ ಇನ್ನೂ ಎನ್‌ಎಚ್ ಫೋರೇ. ಪುಣೆ, ಮುಂಬೈ ಕಡೆ ಹೋಗುವ ಲಾರಿಗಳೆಲ್ಲ ನಮ್ಮ ಬಾಗಿಲ ಮುಂದೆಯೇ ಹೋಗುತ್ತವೆ. ನಾಲ್ಕು ಪಥದ ರಸ್ತೆ ಆರು ಪಥ ಆಗುತ್ತಿದೆ, ಜೊತೆಗೆ ಎರಡೂ ಕಡೆ ಸರ್ವಿಸ್ ರಸ್ತೆ. ನಮ್ಮ ಮುಂದಿನ ತುಂಡಿನ ಕೆಲಸ ಇನ್ನೂ ಹಿಡಿದಿಲ್ಲ. ಆದರೆ ಗುರುತಿನ ಕಲ್ಲು ನಮ್ಮ ಕಾಂಪೌಂಡಿನ ಒಳಗೇ ಬಂದು ಕೂತಿದೆ.

ಪಂಚಾಯ್ತಿಯಲ್ಲಿ ಒಂದು ಸಭೆ ಕರೆದಿದ್ದರು. ಜಮೀನು, ಪರಿಹಾರ, ಅಂಡರ್‌ಪಾಸ್ ಎಲ್ಲಿ, ಇಷ್ಟರಲ್ಲೇ ಸಭೆ ಮುಗಿಯಿತು. ನಾನು ಸದ್ದಿನ ವಿಷಯ ಎತ್ತಿದಾಗ ಒಂದು ವರದಿಯ ಜೆರಾಕ್ಸ್ ಕೊಟ್ಟರು. ಅದರಲ್ಲಿ ಶಬ್ದಕ್ಕೆ ಒಂದೇ ಪುಟ. ಪ್ರತಿ ಜಾಗಕ್ಕೆ ಒಂದೊಂದು ಅಂಕಿ, ಮುಂದೆ 'ವಾಣಿಜ್ಯ ಪ್ರದೇಶ' ಎಂಬ ಷರಾ. ಕೊನೆಗೆ, ರಸ್ತೆ ಅಗಲವಾದ ಮೇಲೆ ವಾಹನಗಳು ಸರಾಗವಾಗಿ ಹೋಗುವುದರಿಂದ ಸದ್ದು ಕಡಿಮೆಯಾಗುತ್ತದೆ ಎಂದು ಬರೆದಿದ್ದಾರೆ. ಇದು ನಿಜವಾ? ಈ ಪುಟವನ್ನು ಹೇಗೆ ಓದಬೇಕು? ಏನು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:

ಹೈವೇ ಪಕ್ಕ ಮನೆ ಇಟ್ಕೊಂಡು ಸದ್ದು ಅಂದ್ರೆ ಹೇಗೆ ಗುರು? ಡಬಲ್ ಗ್ಲಾಸ್ ಕಿಟಕಿ ಹಾಕಿಸಿ, ಮುಗೀತು. ಜಾಗದ ರೇಟು ಏರುವಾಗ ಯಾರೂ ದೂರು ಕೊಡಲ್ಲ ಅಲ್ವಾ?

ಕಲ್ಪತರು ಸೀಮೆ:

ಮನೆ ಕಟ್ಟಿದ್ದು ನಮ್ಮ ತಾತ. ಆಗ ಅಲ್ಲಿ ಒಂದು ಲಾರಿ ಹೋದರೆ ಎದುರಿನದು ಮಣ್ಣಿಗೆ ಇಳಿಯಬೇಕಿತ್ತು. ನಾವು ಹೆದ್ದಾರಿ ಹತ್ತಿರ ಹೋಗಿಲ್ಲ, ಹೆದ್ದಾರಿ ನಮ್ಮ ಹತ್ತಿರ ಬಂತು. ಇನ್ನು ಕಿಟಕಿಯ ವಿಚಾರ. ಏಪ್ರಿಲ್ ತಿಂಗಳಲ್ಲಿ ಹೆಂಚಿನ ಮನೆಯ ಕಿಟಕಿ ಮುಚ್ಚಿಕೊಂಡು ಒಂದು ರಾತ್ರಿ ಮಲಗಿ ನೋಡಿ ಸಾರ್, ಆಮೇಲೆ ಮಾತಾಡೋಣ.

ಶಬ್ದವೇಧಿ:

ಸದ್ದು ಅಳೆಯುವುದೇ ನನ್ನ ಕೆಲಸ, ಕಾರ್ಖಾನೆಗಳಲ್ಲಿ ಜಾಸ್ತಿ, ರಸ್ತೆಗಳಲ್ಲೂ ಸ್ವಲ್ಪ. ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಡೆಸಿಬಲ್ ಲೆಕ್ಕ. ಇದು ಸಾಮಾನ್ಯ ಕೂಡುವ ಕಳೆಯುವ ಲೆಕ್ಕ ಅಲ್ಲ. ಒಂದೇ ಥರದ ಗಾಡಿಗಳ ಸಂಖ್ಯೆ ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬಲ್. ಒಂದೂವರೆ ಪಟ್ಟಾದರೆ 2 ಕೂಡ ಏರಲ್ಲ. ಹಾಗಾಗಿ ವರದಿ ಬರೆಯುವವರು 'ವಾಹನ ಹೆಚ್ಚಾದರೂ ಸದ್ದು ಅಷ್ಟೇನೂ ಏರುವುದಿಲ್ಲ' ಎಂದು ಧೈರ್ಯವಾಗಿ ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ರಸ್ತೆ ಅಗಲವಾದಾಗ ಸಂಖ್ಯೆಯೊಂದೇ ಬದಲಾಗುವುದಿಲ್ಲ. ರಸ್ತೆ ಮನೆಯ ಹತ್ತಿರಕ್ಕೆ ಬರುತ್ತದೆ. 40 ಮೀಟರ್ ದೂರ ಇದ್ದದ್ದು 20 ಮೀಟರ್ ಆದರೆ ಅಲ್ಲೇ ಇನ್ನೊಂದು 3 ಡೆಸಿಬಲ್. ಆಮೇಲೆ ವೇಗ. ಸುಮಾರು 50 ಕಿ.ಮೀ. ದಾಟಿದ ಮೇಲೆ ಕಾರಿನಿಂದ ಕೇಳಿಸುವ ಸದ್ದಿನಲ್ಲಿ ಎಂಜಿನ್ನಿಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಹೆಚ್ಚು. 60ರಲ್ಲಿ ಹೋಗುತ್ತಿದ್ದ ಕಾರುಗಳು 90ರಲ್ಲಿ ಹೋದರೆ ಸುಮಾರು 5 ಡೆಸಿಬಲ್ ಏರುತ್ತದೆ. ಲಾರಿಗಳಿಗೆ ಅಷ್ಟು ಏರಲ್ಲ, ಅವುಗಳ ಎಂಜಿನ್ ಸದ್ದು ಮೊದಲೇ ಜೋರು.

ಮೂರನ್ನೂ ಕೂಡಿಸಿ. ಹೆಚ್ಚುಕಡಿಮೆ 10 ಆಗುತ್ತದೆ. 10 ಡೆಸಿಬಲ್ ಏರಿದರೆ ಮನುಷ್ಯರ ಕಿವಿಗೆ ಸದ್ದು ಎರಡು ಪಟ್ಟಾದ ಹಾಗೆ ಕೇಳಿಸುತ್ತದೆ. ಈಗ 'ಸರಾಗವಾಗಿ ಹೋಗುವುದರಿಂದ ಸದ್ದು ಕಡಿಮೆ' ಎಂಬ ಸಾಲನ್ನು ಮತ್ತೊಮ್ಮೆ ಓದಿ. ಸರಾಗ ಅಂದರೆ ವೇಗ. ಜಾಮ್ ತಪ್ಪಿ ಹಾರ್ನ್ ಕಡಿಮೆಯಾಗುವುದು ನಿಜ, ಆದರೆ ಟೈರಿನ ಸದ್ದು ಏರುತ್ತದೆ. ನಿಮ್ಮ ಊರಿನ ಮುಂದೆ ಈಗ ದಿನವೂ ಜಾಮ್ ಆಗುತ್ತಾ? ಆಗದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ.

ಇನ್ನು ಆ ಒಂದೊಂದೇ ಅಂಕಿ. ಅದು ಎಲ್‌ಇಕ್ಯೂ ಇರಬೇಕು, ಅಂದರೆ ಇಷ್ಟು ಹೊತ್ತಿನ ಒಟ್ಟು ಸದ್ದಿನ ಶಕ್ತಿಯ ಸರಾಸರಿ. ಹಗಲಿನದಾ, ರಾತ್ರಿಯದಾ, ಎಷ್ಟು ಹೊತ್ತು ಅಳೆದದ್ದು ಎಂದು ಬರೆದಿದ್ದಾರಾ ನೋಡಿ. ಒಂದು ಲೆಕ್ಕ ಹೇಳುತ್ತೇನೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮನೆ ಮುಂದೆ 45 ಡೆಸಿಬಲ್ ಇದೆ ಅಂದುಕೊಳ್ಳಿ. ನಡುವೆ ಒಬ್ಬ ಬಂದು ಹತ್ತು ಸೆಕೆಂಡ್ 85 ಡೆಸಿಬಲ್ ಹಾರ್ನ್ ಹೊಡೆದು ಹೋದ. ಇಡೀ ರಾತ್ರಿಯ ಸರಾಸರಿ 51, 52ರ ಹತ್ತಿರ ಬರುತ್ತದೆ. ಕೋಷ್ಟಕದಲ್ಲಿ 52 ನೋಡಿದವರಿಗೆ ಏನು ಗೊತ್ತಾಗುತ್ತದೆ? ಒಂದೇ ಸಮನೆ 52 ಇದ್ದ ರಾತ್ರಿಯಲ್ಲಿ ನೀವು ನಿದ್ದೆ ಮಾಡಬಹುದು. ಈ ರಾತ್ರಿಯಲ್ಲಿ ಎದ್ದು ಕೂತಿರುತ್ತೀರಿ. ಅಂಕಿ ಮಾತ್ರ ಎರಡಕ್ಕೂ ಒಂದೇ. ಅದಕ್ಕೇ ಸರಾಸರಿಯ ಜೊತೆಗೆ ರಾತ್ರಿಯ ಗರಿಷ್ಠ ಮಟ್ಟವನ್ನೂ ಕೇಳಿ, ಗಂಟೆಗೆ ಎಷ್ಟು ಸಲ ಅಷ್ಟಕ್ಕೆ ಏರಿತು ಅನ್ನುವುದನ್ನೂ ಕೇಳಿ.

ಹಳೇ ಕರಿಕೋಟು:

ಶಬ್ದವೇಧಿಯವರು ಚೆನ್ನಾಗಿ ಹೇಳಿದರು. ಕಾನೂನಿನ ಕಡೆ ನಾನು ಸೇರಿಸುತ್ತೇನೆ.

ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ವಾಣಿಜ್ಯಕ್ಕೆ 65, 55. ಕೈಗಾರಿಕೆಗೆ 75, 70. ನಿಶ್ಶಬ್ದ ವಲಯಕ್ಕೆ 50, 40. ಹಗಲು ಅಂದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತು. ಈಗ ನಿಮ್ಮ ಪುಟದಲ್ಲಿರುವ 'ವಾಣಿಜ್ಯ ಪ್ರದೇಶ' ಷರಾ ಸುಮ್ನೆ ಹಾಕಿದ್ದಲ್ಲ. ಆ ಎರಡು ಪದದಿಂದ ಮಿತಿ 10 ಡೆಸಿಬಲ್ ಮೇಲೆ ಹೋಯಿತು. ಯಾವ ಜಾಗ ಯಾವ ವರ್ಗ ಎಂದು ನಿಗದಿ ಮಾಡುವ ಕೆಲಸ ಅದೇ ನಿಯಮಗಳ ಪ್ರಕಾರ ರಾಜ್ಯ ಸರ್ಕಾರದ್ದು. ವರದಿ ಬರೆದ ಕನ್ಸಲ್ಟೆಂಟಿನದಲ್ಲ. ರಸ್ತೆ ಬದಿ ಎರಡು ಹೋಟೆಲು, ಒಂದು ಪಂಕ್ಚರ್ ಅಂಗಡಿ ಕಂಡರೆ ಇಡೀ ಊರು ವಾಣಿಜ್ಯ ಆಗಿಬಿಡುತ್ತಾ? ಯಾವ ಆದೇಶದ ಮೇಲೆ ಹಾಗೆ ವರ್ಗ ಮಾಡಿದಿರಿ ಎಂದು ಮೊದಲು ಅದನ್ನೇ ಕೇಳಿ.

ಎರಡನೆಯದು, ನಿಮ್ಮ ಪಂಚಾಯ್ತಿ ಸಭೆಯನ್ನು ಪರಿಸರ ಕಾನೂನಿನ ಸಾರ್ವಜನಿಕ ಆಲಿಕೆ ಅಂತ ತಿಳಿಯಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಮೊದಲು 30 ಕಿ.ಮೀ.ಗಿಂತ ಉದ್ದದ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆ, 20 ಮೀಟರಿಗಿಂತ ಹೆಚ್ಚು ಅಗಲದ ಹೊಸ ಜಾಗ ಬೇಕಾದರೆ, ಪರಿಸರ ಅನುಮತಿ ಪಡೆಯಬೇಕಿತ್ತು, ಆ ಆಲಿಕೆ ನಡೆಯುವುದು ಅದರ ಭಾಗವಾಗಿಯೇ. 2013ರಲ್ಲಿ ಅದನ್ನು 100 ಕಿ.ಮೀ. ಮಾಡಿದರು. ಈಗಿರುವ ರಸ್ತೆಯಲ್ಲಾದರೆ ಜಾಗ 40 ಮೀಟರಿಗಿಂತ, ಬೈಪಾಸ್ ಅಥವಾ ಹೊಸ ಜೋಡಣೆಯಾದರೆ 60 ಮೀಟರಿಗಿಂತ ಜಾಸ್ತಿ ಬೇಕಾಗಿರಬೇಕು. ನೆಲಮಂಗಲದಿಂದ ತುಮಕೂರಿಗೆ 50 ಕಿ.ಮೀ. ಕೂಡ ಇಲ್ಲ. ಅಂದರೆ ಆ ಬಾಗಿಲು ನಿಮಗೆ ಮುಚ್ಚಿದ ಹಾಗೇ. ಚಾರ್‌ಧಾಮ್ ರಸ್ತೆಯ ವಿಚಾರ ಸುಪ್ರೀಂ ಕೋರ್ಟಿಗೆ ಹೋದಾಗಲೂ ಇದೇ ವಾದ ಬಂದಿತ್ತು. ಸುಮಾರು 900 ಕಿ.ಮೀ. ಯೋಜನೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಪ್ರತಿಯೊಂದೂ ನೂರರ ಒಳಗಿದೆ ಅಂದಿದ್ದರು.

ಮೈಸೂರು ರಸ್ತೆ ಮಗ:

ಹಾಗಾದ್ರೆ ಏನೂ ಮಾಡಕ್ಕಾಗಲ್ವಾ ಸಾರ್?

ಹಳೇ ಕರಿಕೋಟು:

ಆಗುತ್ತೆ, ಆದರೆ ಬೇರೆ ಬಾಗಿಲಿನಿಂದ. ಜಮೀನು ಹೋಗುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ. ಅದರ ಸೆಕ್ಷನ್ 3ಎ ಕೆಳಗೆ ಜಮೀನು ಬೇಕು ಎಂಬ ಅಧಿಸೂಚನೆ ಬಂದು 21 ದಿನದ ಒಳಗೆ ಸೆಕ್ಷನ್ 3ಸಿ ಕೆಳಗೆ ಆಕ್ಷೇಪಣೆ ಕೊಡಬಹುದು. ಕಲ್ಲು ನೆಟ್ಟಿದ್ದಾರೆ ಅಂದರೆ ಆ ದಿನಗಳು ಮುಗಿದಿರಬಹುದು, ದಿನಾಂಕ ನೋಡಿಕೊಳ್ಳಿ. ಪರಿಹಾರ ನಿಗದಿ ಮಾಡುವ 3ಜಿಯಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ. ಜಮೀನು ತೆಗೆದುಕೊಂಡಿದ್ದರಿಂದ ನಿಮ್ಮ ಉಳಿದ ಆಸ್ತಿಗೆ ಯಾವುದೇ ರೀತಿ ಹಾನಿಯಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಂಪೌಂಡ್ ಹೋಗಿ ಮಲಗುವ ಕೋಣೆ ರಸ್ತೆಗೆ ಬಂದರೆ ಅದನ್ನು ಅಲ್ಲಿ ಬರೆದು ಕೇಳಬಹುದು. ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲ್ಲ. ಬರೆಯದಿದ್ದರೆ ಸಿಗುವ ಪ್ರಶ್ನೆಯೇ ಇಲ್ಲ.

ಇನ್ನೊಂದು, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ವಿವರ ಯೋಜನಾ ವರದಿಯ ಶಬ್ದದ ಭಾಗ, ಅಳತೆಯ ಮೂಲ ದಾಖಲೆ, ಗುತ್ತಿಗೆದಾರರ ಒಪ್ಪಂದದಲ್ಲಿ ಶಬ್ದದ ಬಗ್ಗೆ ಇರುವ ಷರತ್ತು, ಈ ಮೂರು ಬೇಕು ಅನ್ನಿ. 30 ದಿನದಲ್ಲಿ ಉತ್ತರ ಕೊಡಬೇಕು.

ಸಿಲ್ಕ್‌ಬೋರ್ಡ್ ಸಂತ್ರಸ್ತ:

ಅಷ್ಟೆಲ್ಲ ಯಾಕೆ, ಸಾಲಾಗಿ ಮರ ನೆಡಿಸಿ. ಸದ್ದೂ ಇಲ್ಲ, ಧೂಳೂ ಇಲ್ಲ. ವರದಿಯ ಪರಿಹಾರ ಕ್ರಮಗಳಲ್ಲಿ ಹಸಿರು ಪಟ್ಟಿ ಅಂತ ಇದ್ದೇ ಇರುತ್ತಲ್ಲ.

ಶಬ್ದವೇಧಿ:

ಈ ಮರದ ಮಾತು ಪ್ರತಿ ವರದಿಯಲ್ಲೂ ಇರುತ್ತದೆ, ಅದಕ್ಕೇ ನನಗೆ ಸಿಟ್ಟು. ಮರ ಬೇಕು. ನೆರಳಿಗೆ, ಧೂಳಿಗೆ, ಕಣ್ಣಿಗೆ ಎಲ್ಲಕ್ಕೂ ಬೇಕು. ಆದರೆ ಸದ್ದಿಗೆ ಒಂದು ಸಾಲು ಹೊಂಗೆಯಿಂದ ಏನೂ ಆಗುವುದಿಲ್ಲ. ಅಮೆರಿಕದ ಹೆದ್ದಾರಿ ಇಲಾಖೆಯ ಕೈಪಿಡಿಯ ಪ್ರಕಾರ ಸುಮಾರು 60 ಮೀಟರ್ ಅಗಲಕ್ಕೆ, ಆಚೆ ಕಡೆ ಕಾಣದಷ್ಟು ದಟ್ಟವಾಗಿ ಬೆಳೆದ ಗಿಡಮರ ಇದ್ದರೆ 10 ಡೆಸಿಬಲ್ ಕಡಿಮೆಯಾಗುತ್ತದೆ. 60 ಮೀಟರ್ ಜಾಗ ಯಾರ ಹತ್ತಿರ ಇದೆ? ಎರಡು ಸಾಲು ನೆಟ್ಟರೆ ರಸ್ತೆ ಕಣ್ಣಿಗೆ ಕಾಣುವುದಿಲ್ಲ, ಮನಸ್ಸಿಗೆ ಸ್ವಲ್ಪ ಸಮಾಧಾನ ಅಷ್ಟೇ.

ಅದೇ ಕೈಪಿಡಿಯಲ್ಲಿ ನಿಮಗೆ ಬೇಕಾದ ಇನ್ನೊಂದು ಲೆಕ್ಕ ಇದೆ. 88 ಕಿ.ಮೀ. ವೇಗದಲ್ಲಿ ಹೋಗುವ ಒಂದು ಲಾರಿಯ ಸದ್ದು, ಅದೇ ವೇಗದ 28 ಕಾರುಗಳಷ್ಟು. ನಮ್ಮ ಲಾರಿ, ಅವರ ಲಾರಿ ಬೇರೆ ಇರಬಹುದು. ಆದರೂ ಒಟ್ಟು ವಾಹನ ಎಷ್ಟು ಅಂತ ಕೇಳಿದರೆ ಅರ್ಧ ಉತ್ತರ ಅಷ್ಟೇ ಸಿಗುತ್ತದೆ. ಅದರಲ್ಲಿ ಲಾರಿ ಎಷ್ಟು, ರಾತ್ರಿ ಎಷ್ಟು ಅಂತ ಕೇಳಬೇಕು. ದಾಬಸ್‌ಪೇಟೆ, ಹಿರೇಹಳ್ಳಿ, ತುಮಕೂರು ದಾಟಿದರೆ ವಸಂತನರಸಾಪುರ, ಎಲ್ಲ ಕಡೆ ಕೈಗಾರಿಕಾ ಪ್ರದೇಶ. ಬೆಂಗಳೂರಿನೊಳಗೆ ಹಗಲು ಲಾರಿಗೆ ನಿರ್ಬಂಧ ಇರುವುದರಿಂದ ರಾತ್ರಿಯೇ ನಿಮ್ಮ ರಸ್ತೆಯ ನಿಜವಾದ ಹೊತ್ತು.

ಮದ್ದೂರಿನ ಸೊಸೆ:

ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದವಳು ನಾನು. ನನ್ನ ಅನುಭವ ಹೇಳ್ತೀನಿ. ಬೈಪಾಸ್ ಆದ ಮೇಲೆ ಪೇಟೆ ಬೀದಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಗೆ ಸದ್ದು ನಿಜವಾಗಲೂ ಇಳಿಯಿತು. ಅದೇ ಬೈಪಾಸ್ ಹೋದ ಕಡೆ ಗದ್ದೆ ಮಧ್ಯೆ ಇದ್ದ ಮನೆಗಳಿಗೆ ಇಲ್ಲದ ಸದ್ದು ಬಂತು. ಕಪ್ಪೆ, ಜೀರುಂಡೆ ಬಿಟ್ಟರೆ ಬೇರೆ ಏನೂ ಕೇಳದ ಜಾಗ ಅದು. ಅವರ ಪಾಲಿಗೆ ಏರಿಕೆ ನಿಮಗಿಂತ ದೊಡ್ಡದು.

ಇನ್ನೊಂದು ವಿಷಯ, ಸರ್ವಿಸ್ ರಸ್ತೆನ ಮರೀಬೇಡಿ. 2023ರ ಆಗಸ್ಟ್ 1ರಿಂದ ನಮ್ಮ ಕಡೆ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲವನ್ನೂ ಮುಖ್ಯ ರಸ್ತೆಯಿಂದ ತೆಗೆದು ಸರ್ವಿಸ್ ರಸ್ತೆಗೆ ಹಾಕಿದರು. ಅಪಘಾತ ಕಡಿಮೆ ಮಾಡೋಕೆ ಅದು ಸರಿಯೇ. ಆದರೆ ನಮ್ಮ ಗೇಟಿಗೆ ತಾಗಿ ಇರೋದು ಸರ್ವಿಸ್ ರಸ್ತೆ. ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕ್ಕೊಂಡು ಹೋದರೆ ಎಕ್ಸ್‌ಪ್ರೆಸ್‌ವೇ ಸದ್ದೇ ಮರೆತು ಹೋಗುತ್ತೆ!

ಶಬ್ದವೇಧಿ:

ಮೇಡಂ ಹೇಳಿದ್ದು ತುಂಬಾ ಮುಖ್ಯ. ಸದ್ದು ತಡೆಯುವ ಗೋಡೆ ಕೇಳುವವರು ಅದನ್ನು ಎಲ್ಲಿ ಹಾಕುತ್ತಾರೆ ಅಂತಲೂ ಕೇಳಬೇಕು. ಸಾಮಾನ್ಯವಾಗಿ ಮುಖ್ಯ ರಸ್ತೆ ಮತ್ತು ಸರ್ವಿಸ್ ರಸ್ತೆ ನಡುವೆ ಹಾಕಲು ಜಾಗ ಸುಲಭ. ಆಗ ಸರ್ವಿಸ್ ರಸ್ತೆಯ ಸದ್ದಿಗೆ ತಡೆಯೇ ಇಲ್ಲ. ಸರ್ವಿಸ್ ರಸ್ತೆಯ ಹೊರಗೆ ಹಾಕಿದರೆ ಮನೆಗೆ ಹೋಗಲು ಬಾಗಿಲು ಬೇಕು. ಬಾಗಿಲು ಬಿಟ್ಟ ಕಡೆ ಸದ್ದು ನುಗ್ಗುತ್ತದೆ. ಟೈರು, ಎಂಜಿನ್ನು ಕಣ್ಣಿಗೆ ಮರೆಯಾಗುವಷ್ಟು ಎತ್ತರದ ಗೋಡೆ ಸುಮಾರು 5 ಡೆಸಿಬಲ್ ತೆಗೆಯುತ್ತದೆ. ಅದರ ಮೇಲೆ ಒಂದೊಂದು ಮೀಟರಿಗೆ ಇನ್ನು ಒಂದೂವರೆ. ಉದ್ದ ಕೂಡ ಬೇಕು, ಮನೆಯಿಂದ ಗೋಡೆಗೆ ಇರುವ ದೂರದ ನಾಲ್ಕು ಪಟ್ಟು, ಎರಡೂ ಬದಿಗೆ. ಒಂದು ಮನೆ ಮುಂದೆ ಹತ್ತು ಮೀಟರ್ ತಗಡು ನಿಲ್ಲಿಸಿದರೆ ಅದು ಫೋಟೊಗೆ ಮಾತ್ರ.

ನಿಮ್ಮ ಊರಿನ ಹತ್ತಿರ ಮುಖ್ಯ ರಸ್ತೆ ಎತ್ತರದ ಮಣ್ಣಿನ ಏರಿಯ ಮೇಲೆ ಹೋಗುತ್ತಾ? ಹಾಗಿದ್ದರೆ ಅದೃಷ್ಟ. ಏರಿಯ ಅಂಚಿಗೇ ಗಟ್ಟಿಯಾದ ತಡೆಗೋಡೆ ಕಟ್ಟಿದರೆ ಕಡಿಮೆ ಎತ್ತರದಲ್ಲೇ ಕೆಳಗಿನ ಮನೆಗಳಿಗೆ ಒಳ್ಳೆ ಮರೆ ಸಿಗುತ್ತದೆ. ಮಹಡಿ ಮನೆಗೆ ಮಾತ್ರ ಉಪಯೋಗ ಕಡಿಮೆ.

ಕಾಡುಪಾಪ:

ಮಧ್ಯಪ್ರದೇಶದ ಪೆಂಚ್ ಹುಲಿ ಕಾಡಿನ ಪಕ್ಕ ಎನ್‌ಎಚ್ 44 ಅಗಲ ಮಾಡಿದಾಗ ಪ್ರಾಣಿಗಳಿಗೆ ಸದ್ದು, ಬೆಳಕು ಬೀಳದ ಹಾಗೆ ರಸ್ತೆ ಬದಿಗೆ ಗೋಡೆ ಹಾಕಿದ್ದಾರೆ, ಕೆಳಗೆ ದಾರಿಯನ್ನೂ ಬಿಟ್ಟಿದ್ದಾರೆ. ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ಬೇರೆ ವಾಹನ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಇದೆಲ್ಲ ಆಗಲ್ಲ ಅನ್ನುವವರಿಗೆ ಹೇಳಿದೆ ಅಷ್ಟೇ.

ಕಲ್ಪತರು ಸೀಮೆ:

ಹುಲಿಯಾಗಿ ಹುಟ್ಟಬೇಕಿತ್ತು ನಾವು!

ಹದಿನಾಲ್ಕು ಚಕ್ರ:

ನಾನು ಲಾರಿ ಓಡ್ಸೋನು. ಇದೇ ರೂಟು, ಬೆಂಗಳೂರು ಟು ಭಿವಂಡಿ. ಎಲ್ಲಾರೂ ಹಾರ್ನ್ ಹಾರ್ನ್ ಅಂತೀರ. ನಮಗೇನು ಖುಷಿಗಾ? ರಾತ್ರಿ ಎರಡು ಗಂಟೆಗೆ ನಿಮ್ಮ ಊರ ಮುಂದೆ ಡಿವೈಡರ್ ಕಿತ್ತು ದಾರಿ ಮಾಡ್ಕೊಂಡಿರ್ತಾರೆ. ಅಲ್ಲಿಂದ ಹಾಲಿನ ಕ್ಯಾನ್ ಹಾಕ್ಕೊಂಡು ಎಕ್ಸೆಲ್ಲು ಲೈಟೂ ಇಲ್ದೆ ನುಗ್ಗುತ್ತೆ. ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್ ಬರುತ್ತೆ. 35 ಟನ್ ಹೊತ್ತ ಗಾಡಿ ಬ್ರೇಕ್ ಹೊಡೆದ ತಕ್ಷಣ ನಿಲ್ಲಲ್ಲ ಅಣ್ಣ. ಹಾರ್ನ್ ಹೊಡೀದೆ ಹೋದ್ರೆ ಯಾರಾದ್ರೂ ಸಾಯ್ತಾರೆ, ಆಮೇಲೆ ನಮ್ಮನ್ನೇ ಹಿಡಿದು ಹೊಡೀತಾರೆ.

ಇನ್ನೊಂದು ಹಂಪು. ಊರಿನವರು ಗಲಾಟೆ ಮಾಡಿ ಹಾಕಿಸ್ತಾರೆ, ಇಲ್ಲಾ ಬಿಳಿ ಪಟ್ಟಿ ಸಾಲಾಗಿ ಹಾಕಿಸ್ತಾರೆ. ಅದರ ಮೇಲೆ ಹತ್ತಿ ಇಳಿಯೋವಾಗ ಏನು ಸದ್ದು ಗೊತ್ತಾ? ಲೋಡಿದ್ರೆ ಪರವಾಗಿಲ್ಲ. ಖಾಲಿ ಗಾಡಿ ಆದ್ರೆ ಹಿಂದಿನ ಬಾಗಿಲು, ಚೈನು, ಜಾಕಿ, ಎಲ್ಲಾ ಒಟ್ಟಿಗೆ ಕುಣಿಯುತ್ವೆ. ಆಮೇಲೆ ಗೇರು ಇಳ್ಸಿ ಮತ್ತೆ ಎತ್ತಬೇಕು. ನಿಮ್ಮ ಊರಿಗೆ ಸದ್ದು ಕಡಿಮೆ ಆಗ್ಬೇಕು ಅಂದ್ರೆ ಆ ದಾರಿ ಮುಚ್ಸಿ, ಹಂಪು ತೆಗ್ಸಿ, ಕೆಳಗಡೆ ಅಂಡರ್‌ಪಾಸ್ ಹಾಕ್ಸಿ. ನಾವು ಸುಮ್ನೆ ಹೋಗ್ತೀವಿ.

ಶಬ್ದವೇಧಿ:

ಅಣ್ಣ, ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಉತ್ತರ. ನಾವು ಎಂಜಿನಿಯರುಗಳು ಗೋಡೆಯ ಎತ್ತರ ಲೆಕ್ಕ ಹಾಕುತ್ತಾ ಕೂರುತ್ತೇವೆ. ಭಾರತದ ರಸ್ತೆಯಲ್ಲಿ ರಾತ್ರಿ ನಿದ್ದೆ ಕೆಡಿಸುವುದು ಹಾರ್ನ್, ಬ್ರೇಕು, ಹಂಪು. ಹೊರದೇಶದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹಾರ್ನ್‌ಗೆ ಜಾಗವೇ ಇಲ್ಲ. ಅಲ್ಲಿ ಯಾರೂ ಹೊಡೆಯುವುದಿಲ್ಲ ಎಂದುಕೊಂಡೇ ಮಾಡಿದ್ದು ಅದು. ಅದನ್ನೇ ತಂದು ನಮ್ಮ ರಸ್ತೆಗೆ ಹಾಕಿದರೆ ಬರುವ ಅಂಕಿ ಯಾವಾಗಲೂ ಕಡಿಮೆ. ನಿಮ್ಮ ವರದಿಯಲ್ಲಿ ಹಾರ್ನ್ ಸೇರಿಸಿದ್ದಾರಾ, ಸೇರಿಸಿದ್ದರೆ ಹೇಗೆ ಅಂತ ಕೇಳಿ ನೋಡಿ.

ಹಾಗಾಗಿ ಅಪಘಾತ ತಪ್ಪಿಸಲು ಏನೇನು ಬೇಕೋ, ಸದ್ದಿಗೂ ಹೆಚ್ಚುಕಡಿಮೆ ಅದೇ ಬೇಕು. ಎಡೆಬಿಡದ ಸರ್ವಿಸ್ ರಸ್ತೆ, ಊರಿನ ಹತ್ತಿರವೇ ಅಂಡರ್‌ಪಾಸ್, ನಡುವೆ ಎಲ್ಲೂ ದಾರಿ ಇಲ್ಲದ ಡಿವೈಡರ್. ಅಂಡರ್‌ಪಾಸ್ ಎರಡು ಕಿ.ಮೀ. ದೂರ ಹಾಕಿದರೆ ಜನ ಮತ್ತೆ ಡಿವೈಡರ್ ಕೀಳುತ್ತಾರೆ, ಮತ್ತೆ ಹಾರ್ನ್. ಅಂಡರ್‌ಪಾಸ್ ಎಲ್ಲಿ ಬರುತ್ತೆ ಅನ್ನುವುದು ಜಮೀನಿನವರ ತಲೆನೋವು ಮಾತ್ರ ಅಲ್ಲ.

ಹಳೇ ಕರಿಕೋಟು:

ಹಾರ್ನ್ ಬಗ್ಗೆ ನಿಯಮ ಇದೆ. ಶಬ್ದ ಮಾಲಿನ್ಯ ನಿಯಮಗಳ 2010ರ ತಿದ್ದುಪಡಿ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಹೊಡೆಯುವ ಹಾಗೇ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ಮೊದಲ ಸಲ 1,000, ಆಮೇಲೆ 2,000 ರೂಪಾಯಿ ದಂಡ. ಹೆದ್ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಅದನ್ನು ಹಾಕುವವರು ಯಾರು ಅಂತ ಮಾತ್ರ ಕೇಳಬೇಡಿ.

ನಿರ್ವಾಹಕ:

ಪಕ್ಷ, ಜಾತಿ ಎಳೆದು ತಂದ ನಾಲ್ಕೈದು ಮಾತುಗಳನ್ನು ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ನೆಕ್ಕರ್ ದಂಡೆ:

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ, ಊರು ಶಿರಾ. ಇಲ್ಲಿ 1990ರ ಒಂದು ನಿಯಮ ಇದೆ. ಹೊಸ ರಸ್ತೆಗೆ, ಅಥವಾ ಇದ್ದ ರಸ್ತೆಗೆ ಉದ್ದಕ್ಕೂ ಒಂದು ಪಥ ಸೇರಿಸಿದರೂ ಸಾಕು, ಅದು ದೊಡ್ಡ ಬದಲಾವಣೆ ಎಂದು ಲೆಕ್ಕ. ಆಗ ವಸತಿ ಪ್ರದೇಶದಲ್ಲಿ ಹಗಲು 59, ರಾತ್ರಿ 49 ಮೀರಬಾರದು. ಮೀರಿದರೆ ಗೋಡೆ, ಆಗದಿದ್ದರೆ ಸರ್ಕಾರದ ದುಡ್ಡಲ್ಲಿ ಕಿಟಕಿ. ನಮ್ಮ ಭಾರತದ 55, 45ಕ್ಕೆ ಹೋಲಿಸಿದರೆ ಇಲ್ಲಿನ ಮಿತಿಯೇ ಸಡಿಲ! ಆದರೆ ಇಲ್ಲಿ ಅದು ರಸ್ತೆ ಕಟ್ಟುವವರ ಕುತ್ತಿಗೆಗೆ ಬರುವ ಅಂಕಿ. ಪಥ ಸೇರಿಸದೆ ಹಳೇ ರಸ್ತೆಯ ಸದ್ದು ತಾನಾಗಿ ಏರಿದರೆ ಇಲ್ಲಿಯೂ ಅಂಥ ಹಕ್ಕಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮತ್ತೆ ಇಲ್ಲಿ ಅಳೆಯುವುದಕ್ಕಿಂತ ಲೆಕ್ಕ ಹಾಕುವುದೇ ನಿಯಮ, ಒಂದೊಂದು ಮನೆಯ ಒಂದೊಂದು ಮಹಡಿಗೂ. ಇನ್ನೂ ಕಟ್ಟದ ರಸ್ತೆಯನ್ನು ಅಳೆಯುವುದು ಹೇಗೆ ಹೇಳಿ?

ಸಿಲ್ಕ್‌ಬೋರ್ಡ್ ಸಂತ್ರಸ್ತ:

ಜರ್ಮನಿ ಕಥೆ ಇಲ್ಲಿ ಯಾಕೆ? ಇಲ್ಲಿ ಮೊದಲು ರಸ್ತೆ ಆಗಲಿ. ದಾಬಸ್‌ಪೇಟೆ ಹತ್ತಿರ ಗಂಟೆಗಟ್ಟಲೆ ನಿಂತವರಿಗೆ ಗೊತ್ತು ಕಷ್ಟ. ಆಂಬುಲೆನ್ಸೂ ನಿಂತಿರುತ್ತೆ.

ಕಲ್ಪತರು ಸೀಮೆ:

ರಸ್ತೆ ಬೇಡ ಅಂತ ನಾನೆಲ್ಲಿ ಹೇಳಿದೆ? ನಮ್ಮ ಮಗಳೂ ಅದೇ ರಸ್ತೆಯಲ್ಲಿ ತುಮಕೂರಿಗೆ ಕಾಲೇಜಿಗೆ ಹೋಗುತ್ತಾಳೆ. ರಸ್ತೆ ಮಾಡುವಾಗ ನಾವೂ ಅಲ್ಲೇ ಮಲಗುತ್ತೇವೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ ಅಂತ ಅಷ್ಟೇ.

ಪಾಳಿ ನರ್ಸಮ್ಮ:

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲೂ ರಸ್ತೆ ಸದ್ದಿಗೆ ರಾತ್ರಿ 45 ಎಂದೇ ಇದೆ. ಕಿವಿ ಹಾಳಾಗುತ್ತೆ ಅಂತ ಅಲ್ಲ, ಅಷ್ಟಕ್ಕೆ ಕಿವಿ ಹಾಳಾಗಲ್ಲ. ನಿದ್ದೆ ಕೆಡುತ್ತೆ, ವರ್ಷಗಟ್ಟಲೆ ಕೆಟ್ಟರೆ ಹೃದಯಕ್ಕೆ ತೊಂದರೆ. 'ಅಭ್ಯಾಸ ಆಗಿದೆ' ಅನ್ನುವವರಿಗೂ ನಿದ್ದೆಯಲ್ಲಿ ಸದ್ದಿಗೆ ಎದೆಬಡಿತ ಏರುತ್ತೆ, ಅವರಿಗೆ ಗೊತ್ತಾಗಲ್ಲ ಅಷ್ಟೇ. ವಯಸ್ಸಾದವರು, ಬಾಣಂತಿಯರು, ನನ್ನ ಹಾಗೆ ಪಾಳಿ ಮುಗಿಸಿ ಹಗಲು ಮಲಗುವವರು ನಿಮ್ಮ ಊರಲ್ಲಿ ಎಷ್ಟು ಮನೆಯಲ್ಲಿದ್ದಾರೆ ಅಂತ ಅರ್ಜಿಯಲ್ಲಿ ಬರೆಯಿರಿ. ವರದಿಯಲ್ಲಿ ಅದು ಇರಲ್ಲ.

ಲ್ಯಾಬ್ ಮೇಷ್ಟ್ರು:

ಕೆಲಸ ಶುರುವಾಗುವ ಮೊದಲು ನೀವೇ ಅಳೆದಿಟ್ಟುಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಸದ್ದು ಜಾಸ್ತಿಯಾಯಿತು ಅಂದರೆ 'ಮೊದಲೂ ಇಷ್ಟೇ ಇತ್ತು' ಅಂತಾರೆ. ಮೊಬೈಲ್ ಆ್ಯಪ್ ಯಾರೂ ಒಪ್ಪಲ್ಲ, ಫೋನಿನಿಂದ ಫೋನಿಗೆ ಅಂಕಿ ಬದಲಾಗುತ್ತದೆ. ಆದರೂ ಒಂದೇ ಫೋನಿನಲ್ಲಿ ಹಗಲು ರಾತ್ರಿ ಹೋಲಿಸಲು ಅಡ್ಡಿಯಿಲ್ಲ. ಸರಿಯಾದ ಅಳತೆಗೆ ಮೀಟರು, ಅದನ್ನು ಪ್ರತಿ ಸಲ ಸರಿನೋಡುವ 94 ಡೆಸಿಬಲ್ ಕ್ಯಾಲಿಬ್ರೇಟರು, ಗಾಳಿಗೆ ಸ್ಪಂಜಿನ ಟೋಪಿ ಬೇಕು. ಮೈಕು ನೆಲದಿಂದ ಮನುಷ್ಯರ ಕಿವಿ ಎತ್ತರದಲ್ಲಿರಲಿ. ಗೋಡೆಯ ಹತ್ತಿರ ಇಡಬೇಡಿ, ಗೋಡೆಯಿಂದ ವಾಪಸ್ ಬರುವ ಸದ್ದು ಸೇರಿ ಸುಮಾರು 3 ಡೆಸಿಬಲ್ ಜಾಸ್ತಿ ತೋರಿಸುತ್ತದೆ. ಪೂರ್ತಿ 24 ಗಂಟೆ ಬೇಕು. ಹಗಲು ಹತ್ತು ನಿಮಿಷ ಅಳೆದು ರಾತ್ರಿಯ ಅಂಕಿ ಬರೆಯುವವರೂ ಇದ್ದಾರೆ.

ದಿನ ನೋಡಿಕೊಳ್ಳಿ. ಮಳೆ ಬೇಡ, ಭಾನುವಾರ ಬೇಡ. ಶಿವರಾತ್ರಿ ಸಮಯದ ಸಿದ್ಧಗಂಗೆ ಜಾತ್ರೆ ವಾರ ಬೇಡವೇ ಬೇಡ, ಆಗಿನ ಸಂಚಾರವೇ ಬೇರೆ. ಚಳಿಗಾಲದ ರಾತ್ರಿ ಒಂದು ಅಳತೆ ಇದ್ದರೆ ಒಳ್ಳೆಯದು. ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಸದ್ದು ಬಾಗಿ ದೂರಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಮಾತ್ರ ರೈಲಿನ ಸದ್ದು ಕೇಳುತ್ತೆ ಅಂತ ಹಳ್ಳಿಯವರು ಹೇಳುವುದು ಇದಕ್ಕೇ. ಅಳೆಯುವಾಗ ಪಕ್ಕದಲ್ಲಿ ಒಬ್ಬರು ಕೂತು ಲಾರಿ ಎಷ್ಟು, ಕಾರು ಎಷ್ಟು, ಹಾರ್ನ್ ಎಷ್ಟು ಅಂತ ಗೆರೆ ಹಾಕಲಿ. ಬರೀ ಅಂಕಿಗಿಂತ ಆ ಹಾಳೆಗೆ ಬೆಲೆ ಜಾಸ್ತಿ.

ಕಲ್ಪತರು ಸೀಮೆ:

ಎಲ್ಲರಿಗೂ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಸೇರಿಸಿ ಯೋಜನಾ ಕಚೇರಿಗೆ ಒಂದು ಅರ್ಜಿ ಬರೆದಿದ್ದೇನೆ. ಊರಿನ ಮೂವತ್ತು ಚಿಲ್ಲರೆ ಮನೆಯವರು ಸಹಿ ಹಾಕುತ್ತಾರೆ. ಸಾರ ಇಷ್ಟು: ನಮ್ಮ ಊರನ್ನು ಯಾವ ಆದೇಶದ ಮೇಲೆ ವಾಣಿಜ್ಯ ಪ್ರದೇಶ ಎಂದು ಹಿಡಿದಿರಿ. ರಾತ್ರಿ ಹತ್ತರಿಂದ ಆರರವರೆಗಿನ ಅಂಕಿ ಎಲ್ಲಿ, ಅಳೆದವರು ಯಾರು, ಯಾವ ದಿನ. ರಸ್ತೆ ಹತ್ತಿರ ಬಂದ ಮೇಲೆ, ವೇಗ ಏರಿದ ಮೇಲೆ ಮೊದಲ ಸಾಲಿನ ಮನೆಗಳಿಗೆ ಎಷ್ಟಾಗುತ್ತದೆ, ಮನೆಮನೆಗೆ ಬೇರೆ ಬೇರೆ ಕೊಡಿ. ಅಂಡರ್‌ಪಾಸ್ ಊರ ಮುಂದೆಯೇ ಬರಲಿ. ಶಾಲೆ ಮತ್ತು ಮೊದಲ ಸಾಲಿನ ಮನೆಗಳ ಮುಂದೆ ಗೋಡೆ ಎಲ್ಲಿ, ಎಷ್ಟು ಎತ್ತರ. ರಸ್ತೆ ತೆರೆದ ಮೇಲೆ ಮತ್ತೆ ಅಳೆಯುವುದು ಗುತ್ತಿಗೆಯ ಷರತ್ತಿನಲ್ಲಿ ಇದೆಯಾ. ಏನಾದರೂ ಬಿಟ್ಟಿದ್ದೇನಾ?

ಹಳೇ ಕರಿಕೋಟು:

ಕಾಮಗಾರಿ ಸಮಯದ ಸದ್ದನ್ನು ಬಿಟ್ಟಿದ್ದೀರಿ. ಕಲ್ಲು ಒಡೆಯುವ ಬ್ರೇಕರು, ಜನರೇಟರು, ಟಿಪ್ಪರು ರಾತ್ರಿ ಊರ ಹತ್ತಿರ ಓಡಬಾರದು ಅಂತ ಸೇರಿಸಿ. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಒಂದು ಜಿಲ್ಲಾಧಿಕಾರಿಗಳಿಗೆ. ನಿಯಮದ ಪ್ರಕಾರ ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಬಹುದು, ಮೊದಲಿನ ಅಳತೆ ಕೈಯಲ್ಲಿದ್ದರೆ ಆ ದೂರಿಗೆ ಬಲ ಬರುತ್ತದೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಹದಿನಾಲ್ಕು ಚಕ್ರ:

ಲಾರಿ ನಿಲ್ಸೋಕೆ ಜಾಗಾನೂ ಕೇಳಿ ಅಣ್ಣ. ಊರಿಂದ ದೂರ ಇರ್ಲಿ. ಜಾಗ ಇಲ್ಲ ಅಂದ್ರೆ ನಾವು ನಿಮ್ಮ ಸರ್ವಿಸ್ ರೋಡಲ್ಲೇ ನಿಲ್ಲಿಸ್ತೀವಿ, ಬೆಳಗಿನ ಜಾವ ನಾಲ್ಕಕ್ಕೆ ಸ್ಟಾರ್ಟ್ ಮಾಡ್ತೀವಿ. ಬ್ರೇಕಿಗೆ ಏರ್ ತುಂಬೋವರೆಗೂ ಎಂಜಿನ್ ಓಡ್ತಾನೇ ಇರ್ಬೇಕು.

ಕಲ್ಪತರು ಸೀಮೆ:

ಅರೆ, ಇದು ಹೊಳೆದೇ ಇರಲಿಲ್ಲ. ಸೇರಿಸಿದೆ.

ಲ್ಯಾಬ್ ಮೇಷ್ಟ್ರು:

ನಮ್ಮ ಕಾಲೇಜಿನಲ್ಲಿ ಮೀಟರಿದೆ. ಕೊನೇ ವರ್ಷದ ಇಬ್ಬರು ಹುಡುಗರಿಗೆ ಪ್ರಾಜೆಕ್ಟ್ ಬೇಕಿತ್ತು, ಬರುವ ಬುಧವಾರ ಸಂಜೆ ಕರೆದುಕೊಂಡು ಬರುತ್ತೇನೆ, ಗುರುವಾರ ಸಂಜೆವರೆಗೆ ಇರುತ್ತೇವೆ. ಕಾಂಪೌಂಡ್ ಹತ್ತಿರ ಒಂದು, ಶಾಲೆ ಹತ್ತಿರ ಒಂದು ಜಾಗ ಸಾಕು. ನಾಯಿ ಇದ್ದರೆ ಆ ರಾತ್ರಿ ಬೇರೆ ಕಡೆ ಕಟ್ಟಿ, ಅದರ ಬೊಗಳಿಕೆ ಹೆದ್ದಾರಿಯ ಲೆಕ್ಕಕ್ಕೆ ಸೇರಬಾರದು. ಮೀಟರಿಗೆ ಕರೆಂಟ್ ಎಳೆಯಲು ಪ್ಲಗ್ ಪಾಯಿಂಟ್ ಇದೆಯಾ?

ಕಲ್ಪತರು ಸೀಮೆ:

ಇದೆ ಮೇಷ್ಟ್ರೇ, ಜಗಲಿಯಲ್ಲೇ ಇದೆ. ನಾಯಿ ನಮ್ಮದಲ್ಲ, ಊರಿನದು, ಆದರೂ ನೋಡ್ತೀನಿ. ರಾತ್ರಿ ಲಾರಿ ಎಣಿಸಲು ನಾನು, ನನ್ನ ತಮ್ಮ ಕೂರುತ್ತೇವೆ. ಊಟ ನಮ್ಮ ಮನೆಯಲ್ಲೇ, ಮುದ್ದೆ ತಿನ್ನುತ್ತಾರಾ ಹುಡುಗರು?